ಜೇಮ್ಸ್ ಗಾರ್ನರ್ ಪ್ರಕರಣ: ಸ್ಟುಡಿಯೊದ ಲೆಕ್ಕ ಒಪ್ಪದ ನಟ

ಅಮೆರಿಕದ ಟಿವಿ ಹಾಗೂ ಸಿನಿಮಾ ನಟ ಜೇಮ್ಸ್ ಗಾರ್ನರ್ ತಮಗೆ ಹೆಸರು ತಂದುಕೊಟ್ಟ ಎರಡು ಸ್ಟುಡಿಯೊಗಳ ಜೊತೆಗೂ ಕೋರ್ಟಿನಲ್ಲಿ ಸೆಣಸಿದವರು. 1960ರಲ್ಲಿ ವಾರ್ನರ್ ಬ್ರದರ್ಸ್, 1983ರಲ್ಲಿ ಯೂನಿವರ್ಸಲ್. ಎರಡೂ ಜಗಳ ಹಣದ್ದೇ. ಎರಡರಲ್ಲೂ ಮೇಜಿನ ಮೇಲಿದ್ದದ್ದು ಸ್ಟುಡಿಯೊದ ವಕೀಲರು ಬರೆದ ಒಪ್ಪಂದ. ಮೊದಲನೆಯದು ಎರಡು ವರ್ಷದೊಳಗೆ ತೀರ್ಪು ಕಂಡು ನಟನ ಪರವಾಗಿ ಮುಗಿಯಿತು. ಎರಡನೆಯದು ಆರು ವರ್ಷದ ಹತ್ತಿರ ಎಳೆದಾಡಿ, ಮೊತ್ತ ಎಷ್ಟೆಂದು ಹೊರಬಾರದ ರಾಜಿಯಲ್ಲಿ ನಿಂತಿತು. ನಟ ಅವರೇ, ಹಟವೂ ಅಷ್ಟೇ. ಫಲ ಬೇರೆಯಾದದ್ದಕ್ಕೆ ಕಾರಣ ಒಪ್ಪಂದದ ಯಾವ ಸಾಲಿನ ಮೇಲೆ ಜಗಳ ನಿಂತಿತ್ತು ಎಂಬುದರಲ್ಲಿದೆ. ಮೊದಲನೆಯದರಲ್ಲಿ ಕೋರ್ಟು ತೀರ್ಮಾನಿಸಬೇಕಿದ್ದದ್ದು ಒಂದು ಸಂಗತಿಯನ್ನು: ಕೆಲಸ ನಿಜಕ್ಕೂ ನಿಂತಿತ್ತೇ? ಎರಡನೆಯದರಲ್ಲಿ ತಕರಾರು ಒಂದು ವ್ಯಾಖ್ಯೆಯ ಸುತ್ತ ಇತ್ತು: ಲಾಭ ಎಂದು ಯಾವುದನ್ನು ಕರೆಯಬೇಕು?

ಒಪ್ಪಂದಕ್ಕೆ ಮುಂಚಿನ ಮನುಷ್ಯ

ಹುಟ್ಟುಹೆಸರು ಜೇಮ್ಸ್ ಸ್ಕಾಟ್ ಬಮ್‌ಗಾರ್ನರ್. 1928ರ ಏಪ್ರಿಲ್ 7ರಂದು ಒಕ್ಲಹೋಮಾ ರಾಜ್ಯದ ನಾರ್ಮನ್‌ನಲ್ಲಿ ಜನನ. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡರು. ಮಲತಾಯಿಯ ಹೊಡೆತ ತಾಳಲಾರದೆ ಹುಡುಗ ಹದಿನಾಲ್ಕರ ಆಸುಪಾಸಿನಲ್ಲೇ ಮನೆ ಬಿಟ್ಟ. ಹದಿನಾರನೇ ವಯಸ್ಸಿಗೆ ವ್ಯಾಪಾರಿ ಹಡಗುಗಳಲ್ಲಿ ಕೆಲಸಕ್ಕೆ ಸೇರಿದರೆ ಸಮುದ್ರದ ಓಕರಿಕೆ ಬಿಡಲಿಲ್ಲ. ಆಮೇಲೆ ಕೊರಿಯಾ ಯುದ್ಧ. ಅಲ್ಲಿ ಎರಡು ಸಲ ಗಾಯ. ಗಾಯಾಳು ಸೈನಿಕರಿಗೆ ಕೊಡುವ ಪರ್ಪಲ್ ಹಾರ್ಟ್ ಪದಕ ಎರಡು ಬಂದವು, ಎರಡನೆಯದು ಕೈಸೇರಿದ್ದು 1983ರಲ್ಲಿ.

ಊರಿಗೆ ಮರಳಿ ಲಾಸ್ ಏಂಜಲೀಸಿನಲ್ಲಿ ಅಪ್ಪನ ಜೊತೆ ನೆಲಕ್ಕೆ ಕಾರ್ಪೆಟ್ ಹಾಸುವ ಕೆಲಸ. ನಟನೆಗೆ ಬಂದದ್ದು ಹಳೆಯ ಪರಿಚಯದಿಂದ. ಒಂದು ಕಾಲಕ್ಕೆ ಸೋಡಾ ಅಂಗಡಿಯಲ್ಲಿ ಕೆಲಸಕ್ಕಿದ್ದ ಪಾಲ್ ಗ್ರೆಗರಿ ಅಷ್ಟು ಹೊತ್ತಿಗೆ ರಂಗಭೂಮಿಯ ನಿರ್ಮಾಪಕರಾಗಿದ್ದರು. 1954ರಲ್ಲಿ ಅವರು ಬ್ರಾಡ್‌ವೇ ವೇದಿಕೆಗೆ ತಂದ ಸೈನಿಕ ನ್ಯಾಯಾಲಯದ ನಾಟಕದಲ್ಲಿ ಗಾರ್ನರ್‌ಗೆ ನ್ಯಾಯಾಧೀಶರ ಸಾಲಿನಲ್ಲಿ ಒಂದು ಕುರ್ಚಿ ಸಿಕ್ಕಿತು. ಮಾತು ಒಂದೂ ಇಲ್ಲ. ರಾತ್ರಿ ರಾತ್ರಿಯೂ ಹೆನ್ರಿ ಫಾಂಡಾ ಅಭಿನಯವನ್ನು ಹತ್ತಿರದಿಂದ ನೋಡುವುದಷ್ಟೇ ಕೆಲಸ. ಎದುರಿನವರ ಮಾತನ್ನು ಮುಖದಲ್ಲೇ ಕೇಳಿಸಿಕೊಳ್ಳುವ ಕಲೆ ಮುಂದೆ ಅವರ ದೊಡ್ಡ ಬಂಡವಾಳವಾಯಿತು. ಅದರ ಬೇರು ಇಲ್ಲಿದೆ ಎಂದು ಧಾರಾಳವಾಗಿ ಹೇಳಬಹುದು.

ಇಷ್ಟನ್ನು ಹೇಳಬೇಕಾದದ್ದು ಏಕೆಂದರೆ ವಾರ್ನರ್ ಒಪ್ಪಂದಕ್ಕೆ ಸಹಿ ಹಾಕಿದಾಗ ಅವರ ಬಳಿ ಚೌಕಾಸಿಯ ಬಲ ಏನೂ ಇರಲಿಲ್ಲ. ಬದುಕಿನಲ್ಲಿ ಬೇಕಾದಷ್ಟು ಪೆಟ್ಟು ತಿಂದಿದ್ದವರು, ಕೆಲಸ ಹೋದರೆ ಬೇರೆ ಕೆಲಸ ಮಾಡಿಯೇನು ಎಂಬ ಧೈರ್ಯವಿದ್ದವರು. ಆ ಧೈರ್ಯ 1960ರಲ್ಲಿ ಕೆಲಸಕ್ಕೆ ಬಂತು.

ವಾರಕ್ಕೆ 500 ಡಾಲರ್

ಆ ಕಾಲದ ಸ್ಟುಡಿಯೊ ಒಪ್ಪಂದವೆಂದರೆ ಏಳು ವರ್ಷದ್ದು, ಆದರೆ ಏಳು ವರ್ಷ ಬಂಧನ ನಟನಿಗೆ ಮಾತ್ರ. ಸ್ಟುಡಿಯೊ ತನಗೆ ಬೇಕಾದರೆ ಅವಧಿ ಅವಧಿಗೆ ಮುಂದುವರಿಸಬಹುದು, ಬೇಡವಾದರೆ ಕೈಬಿಡಬಹುದು. ಸಂಬಳ ವಾರದ ಲೆಕ್ಕ. ಅದೇ ಸಂಬಳದಲ್ಲಿ ಟಿವಿ ಧಾರಾವಾಹಿಯೂ ಮಾಡಬೇಕು, ಬಿಡುವಿನಲ್ಲಿ ಸಿನಿಮಾವೂ ಮಾಡಬೇಕು. ವಾರ್ನರ್ ತನ್ನ ಟಿವಿ ನಟರು ಜಾತ್ರೆ, ರೋಡಿಯೊಗಳಲ್ಲಿ ಮುಖ ತೋರಿಸಿ ಗಳಿಸಿದ ಹಣದಲ್ಲೂ ಅರ್ಧ ಪಾಲು ಕೇಳುತ್ತಿತ್ತು. 'ಶೈಯನ್' ಧಾರಾವಾಹಿಯ ನಾಯಕ ಕ್ಲಿಂಟ್ ವಾಕರ್ 1958ರಲ್ಲಿ ಕೆಲಸ ಬಿಟ್ಟು ಹೊರನಡೆದದ್ದು ಇಂಥ ಷರತ್ತುಗಳ ಮೇಲೇ.

1957ರ ಸೆಪ್ಟೆಂಬರ್ 22ರಂದು ಎಬಿಸಿ ವಾಹಿನಿಯಲ್ಲಿ 'ಮ್ಯಾವರಿಕ್' ಆರಂಭವಾಯಿತು. ರಾಯ್ ಹಗ್ಗಿನ್ಸ್ ರೂಪಿಸಿದ ಬ್ರೆಟ್ ಮ್ಯಾವರಿಕ್ ಪಾತ್ರ ಅಂದಿನ ಕೌಬಾಯ್ ನಾಯಕರಿಗಿಂತ ಬೇರೆ: ಇಸ್ಪೀಟು ಆಡಿ ಹೊಟ್ಟೆ ಹೊರೆಯುವವನು, ಕೋವಿ ತೆಗೆಯುವ ಬದಲು ಮಾತಿನಲ್ಲೇ ಜಾರಿಕೊಳ್ಳುವವನು. ಭಾನುವಾರ ಸಂಜೆ 7.30ಕ್ಕೆ ಪ್ರಸಾರ. ಎಡ್ ಸಲ್ಲಿವನ್ ಮತ್ತು ಸ್ಟೀವ್ ಆಲನ್ ಅವರ ಜನಪ್ರಿಯ ಕಾರ್ಯಕ್ರಮಗಳು 8ಕ್ಕೆ ಶುರು. ಅರ್ಧ ಗಂಟೆ ಮೊದಲೇ ಕಥೆಗೆ ಕಟ್ಟಿಹಾಕಿದ ವೀಕ್ಷಕ ಚಾನೆಲ್ ತಿರುಗಿಸುವುದಿಲ್ಲ ಎಂಬ ಲೆಕ್ಕ ಫಲಿಸಿತು. 1959ರಲ್ಲಿ ಅತ್ಯುತ್ತಮ ವೆಸ್ಟರ್ನ್ ಧಾರಾವಾಹಿಯೆಂದು ಎಮ್ಮಿ ಪ್ರಶಸ್ತಿಯೂ ಬಂತು. ನಾಯಕನಿಗೆ ಆರಂಭದಲ್ಲಿ ಸಿಗುತ್ತಿದ್ದದ್ದು ವಾರಕ್ಕೆ 500 ಡಾಲರ್.

ಶೂಟಿಂಗ್ ಕಡೆಯ ಒಂದು ವಿವರ ಈ ಪ್ರಕರಣಕ್ಕೆ ಮುಖ್ಯ. ಒಂದು ಗಂಟೆಯ ಕಂತನ್ನು ಚಿತ್ರೀಕರಿಸಲು ಒಂದು ವಾರಕ್ಕಿಂತ ಹೆಚ್ಚು ಬೇಕಾಗುತ್ತಿತ್ತು, ಪ್ರಸಾರ ಮಾತ್ರ ಪ್ರತಿ ವಾರ. ನಾಯಕ ಒಬ್ಬನೇ ಆದರೆ ಕೆಲವೇ ವಾರಗಳಲ್ಲಿ ಕೈಯಲ್ಲಿರುವ ಕಂತುಗಳು ಖಾಲಿಯಾಗುವುದು ಖಚಿತ. ಅದಕ್ಕೇ ಬಾರ್ಟ್ ಎಂಬ ಸೋದರನನ್ನು ಸೃಷ್ಟಿಸಿ, ಎಂಟನೇ ಕಂತಿನಿಂದ ಜ್ಯಾಕ್ ಕೆಲ್ಲಿಯನ್ನು ತಂದರು. ಎರಡು ತಂಡ ಎರಡು ಕಡೆ ಬೇರೆ ಬೇರೆ ಕಂತುಗಳನ್ನು ಚಿತ್ರೀಕರಿಸುವ ವ್ಯವಸ್ಥೆ ಆಯಿತು. ಹೀಗೆ ನಿಲ್ಲದೆ ಓಡುವ ಕಾರ್ಖಾನೆಗೆ ಕಚ್ಚಾ ಮಾಲು ಸ್ಕ್ರಿಪ್ಟು. ಸ್ಕ್ರಿಪ್ಟು ಬರುತ್ತಿದೆಯೋ ನಿಂತಿದೆಯೋ ಎಂಬುದರ ಮೇಲೆ ಮುಂದಿನ ಇಡೀ ದಾವೆ ನಿಂತಿತು.

ವಾರ್ನರ್ ದುಡ್ಡಿನ ವಿಷಯದಲ್ಲಿ ಎಷ್ಟು ಬಿಗಿ ಎಂಬುದಕ್ಕೆ ಹಗ್ಗಿನ್ಸ್ ಅವರ ಅನುಭವವೇ ಸಾಕ್ಷಿ. ಧಾರಾವಾಹಿಯ ಸೃಷ್ಟಿಕರ್ತನೆಂದು ಹೆಸರು ಹಾಕಿದರೆ ರಾಯಲ್ಟಿ ಕೊಡಬೇಕಾಗುತ್ತದೆ. ಹಗ್ಗಿನ್ಸ್ ಬರೆದ ಕಂತನ್ನು ಬದಿಗಿಟ್ಟು, ಸ್ಟುಡಿಯೊ ಹಕ್ಕು ಹೊಂದಿದ್ದ ಬೇರೆ ಕಥೆಯಿಂದ ಮಾಡಿದ ಕಂತನ್ನು ಮೊದಲು ಪ್ರಸಾರ ಮಾಡಿ, ಧಾರಾವಾಹಿ ಹುಟ್ಟಿದ್ದು ತನ್ನ ಆಸ್ತಿಯಿಂದಲೇ ಎಂದು ಸ್ಟುಡಿಯೊ ತೋರಿಸಿಕೊಂಡಿತು. '77 ಸನ್‌ಸೆಟ್ ಸ್ಟ್ರಿಪ್' ಎಂಬ ಇನ್ನೊಂದು ಧಾರಾವಾಹಿಯ ಮೊದಲ ಕಂತನ್ನು ಮೊದಲು ಕೆರಿಬಿಯನ್ ದ್ವೀಪದ ಚಿತ್ರಮಂದಿರದಲ್ಲಿ ಸಿನಿಮಾ ಎಂದು ತೋರಿಸಿದ್ದೂ ಇದೇ ಉದ್ದೇಶಕ್ಕೆ.

ಮುಷ್ಕರ ಮತ್ತು ಅಮಾನತು

1960ರ ಜನವರಿ 16ರಂದು ಚಿತ್ರಕಥಾ ಬರಹಗಾರರ ಸಂಘ ಮುಷ್ಕರ ಹೂಡಿತು. ಅದು ಮುಗಿದದ್ದು ಜೂನ್ 12ಕ್ಕೆ. ನಡುವೆ ಮಾರ್ಚ್ 7ರಿಂದ ಏಪ್ರಿಲ್ 18ರವರೆಗೆ ನಟರ ಸಂಘವೂ ಸಿನಿಮಾ ಸ್ಟುಡಿಯೊಗಳ ವಿರುದ್ಧ ಮುಷ್ಕರದಲ್ಲಿತ್ತು. ಆಗ ನಟರ ಸಂಘದ ಅಧ್ಯಕ್ಷರು ರೊನಾಲ್ಡ್ ರೇಗನ್. ಅವರ ಅಧ್ಯಕ್ಷತೆಯ ಕಾಲದಲ್ಲಿ ಗಾರ್ನರ್ ಸಂಘದ ಉಪಾಧ್ಯಕ್ಷರಲ್ಲಿ ಒಬ್ಬರಾಗಿದ್ದರು. ಒಪ್ಪಂದಗಳ ಭಾಷೆ ಅವರಿಗೆ ಹೊಸದಾಗಿರಲಿಲ್ಲ.

ಬರಹಗಾರರ ಮುಷ್ಕರವನ್ನು ಮುಂದೆ ಮಾಡಿ ವಾರ್ನರ್ ಗಾರ್ನರ್ ಅವರ ಸಂಬಳ ನಿಲ್ಲಿಸಿತು. ಕೆಲ್ಲಿಗೂ ಅದೇ ಗತಿ. ಆಧಾರವಾಗಿ ತೋರಿಸಿದ್ದು ಒಪ್ಪಂದದ ಫೋರ್ಸ್ ಮೆಜರ್ ಷರತ್ತನ್ನು. ಬೆಂಕಿ, ಯುದ್ಧ, ಮುಷ್ಕರದಂಥ ಕೈಮೀರಿದ ಕಾರಣದಿಂದ ನಿರ್ಮಾಣಕ್ಕೆ ಅಡಚಣೆಯಾದರೆ ಅಷ್ಟು ಕಾಲ ಸಂಬಳ ಕೊಡಬೇಕಾಗಿಲ್ಲ ಎಂಬುದು ಇಂಥ ಷರತ್ತಿನ ತಿರುಳು.

ಅಮಾನತಿನ ಮರ್ಮ ಅರಿಯದವರಿಗೆ ಇದು ಕೆಲವು ವಾರದ ಸಂಬಳದ ಪ್ರಶ್ನೆ ಎನಿಸಬಹುದು. ಹಾಗಲ್ಲ. ಅಮಾನತಿನಲ್ಲಿರುವ ನಟನಿಗೆ ಸಂಬಳ ಇಲ್ಲ, ಆದರೆ ಒಪ್ಪಂದ ಜೀವಂತ. ಬೇರೆ ಸ್ಟುಡಿಯೊದ ಕೆಲಸ ಹಿಡಿಯುವಂತಿಲ್ಲ. ಮೊದಲೆಲ್ಲ ಅಮಾನತಿನ ತಿಂಗಳುಗಳನ್ನು ಏಳು ವರ್ಷದ ಕೊನೆಗೆ ಸೇರಿಸಿ ಬಂಧನವನ್ನೇ ಉದ್ದ ಮಾಡುತ್ತಿದ್ದರು. ನಟಿ ಒಲಿವಿಯಾ ಡಿ ಹ್ಯಾವಿಲ್ಯಾಂಡ್ ಇದೇ ವಾರ್ನರ್ ವಿರುದ್ಧ ಹೋರಾಡಿ, 1944ರಲ್ಲಿ ಕ್ಯಾಲಿಫೋರ್ನಿಯಾ ಮೇಲ್ಮನವಿ ನ್ಯಾಯಾಲಯದಿಂದ ಏಳು ವರ್ಷವೆಂದರೆ ಕ್ಯಾಲೆಂಡರಿನ ಏಳು ವರ್ಷವೇ ಎಂಬ ತೀರ್ಪು ತಂದಮೇಲೆ ಆ ದಾರಿ ಮುಚ್ಚಿತು. ಆದರೆ ಏಳು ವರ್ಷದ ಒಳಗೆ ಸಂಬಳ ನಿಲ್ಲಿಸಿ ಕಾಯಿಸುವ ದಾರಿ ತೆರೆದೇ ಇತ್ತು.

ಗಾರ್ನರ್ ಇಟ್ಟ ಹೆಜ್ಜೆಯನ್ನು ಇಲ್ಲಿ ನಿಧಾನವಾಗಿ ನೋಡಬೇಕು. ಅವರು ಬಾಕಿ ಸಂಬಳ ಕೇಳಿ ಸುಮ್ಮನಾಗಲಿಲ್ಲ. ಸಂಬಳ ನಿಲ್ಲಿಸಿದ್ದೇ ಒಪ್ಪಂದದ ಉಲ್ಲಂಘನೆ, ಮುರಿದವರು ನೀವು, ಆದ್ದರಿಂದ ಒಪ್ಪಂದ ಮುಗಿಯಿತು, ನಾನು ಸ್ವತಂತ್ರ ಎಂಬ ನಿಲುವು ತೆಗೆದುಕೊಂಡರು. ಇದು ದೊಡ್ಡ ಜೂಜು. ಕೋರ್ಟು ಷರತ್ತನ್ನು ಸ್ಟುಡಿಯೊದ ಪರವಾಗಿ ಓದಿದ್ದರೆ, ಒಪ್ಪಂದ ಮುರಿದವರು ಗಾರ್ನರ್ ಎಂದಾಗುತ್ತಿತ್ತು. ಮುಷ್ಕರ ಮುಗಿದ ಮೇಲೆ ಸ್ಟುಡಿಯೊ ಕರೆದಾಗ ಹೋಗಿ ಸಂಬಳ ಪಡೆದು ಕ್ಯಾಮೆರಾ ಮುಂದೆ ನಿಂತಿದ್ದರೆ, ಉಲ್ಲಂಘನೆಯನ್ನು ತಾವೇ ಮನ್ನಿಸಿದಂತಾಗಿ ವಾದ ಸೊರಗುತ್ತಿತ್ತು. ಹೊರಗೆ ಬಂದವರು ಹೊರಗೇ ಉಳಿದದ್ದರಿಂದ ವಾದಕ್ಕೆ ಬಲ ಬಂತು.

1960ರ ಡಿಸೆಂಬರ್‌ನಲ್ಲಿ ವಿಚಾರಣೆ ನಡೆಯಿತು. ಷರತ್ತಿನ ಭಾಷೆ ಸ್ಟುಡಿಯೊಗೆ ಅನುಕೂಲವಾಗಿಯೇ ಇತ್ತು, ಮುಷ್ಕರ ನಡೆದದ್ದೂ ನಿಜ. ಆದರೆ ಷರತ್ತು ದಕ್ಕಬೇಕಾದರೆ ಸಾಬೀತಾಗಬೇಕಾದ್ದು ಮೂರು: ಮುಷ್ಕರ ನಡೆಯಿತು, ಅದರಿಂದ ಸ್ಟುಡಿಯೊದ ನಿರ್ಮಾಣಕ್ಕೆ ಅಡಚಣೆಯಾಯಿತು, ಆ ಅಡಚಣೆಯಿಂದಲೇ ಈ ನಟನಿಗೆ ಕೆಲಸ ಕೊಡಲಾಗಲಿಲ್ಲ. ಮೊದಲನೆಯದರಿಂದ ಮೂರನೆಯದಕ್ಕೆ ನೇರ ಹಾರುವಂತಿಲ್ಲ, ನಡುವಿನ ಕೊಂಡಿ ಬೇಕು. ವಾರ್ನರ್ ಸೋತದ್ದು ಆ ಕೊಂಡಿಯಲ್ಲಿ. ಮುಷ್ಕರದ ನಡುವೆಯೂ ಅದು ಬರಹಗಾರರಿಂದ ಗುಟ್ಟಾಗಿ ಸ್ಕ್ರಿಪ್ಟು ಪಡೆಯುತ್ತಿತ್ತು ಎಂಬುದು ಹೊರಬಿತ್ತು. ಸ್ಟುಡಿಯೊದ ಮುಖ್ಯಸ್ಥ ಜ್ಯಾಕ್ ವಾರ್ನರ್ ಅವರೇ ಸಾಕ್ಷಿಕಟ್ಟೆ ಹತ್ತಬೇಕಾಯಿತು.

ಆ ಸ್ಕ್ರಿಪ್ಟುಗಳ ಕಥೆ ಇನ್ನೂ ವಿಚಿತ್ರ. ಮುಷ್ಕರದ ಕಾಲದ ವಾರ್ನರ್ ಧಾರಾವಾಹಿಗಳ ಟೈಟಲ್ ಕಾರ್ಡುಗಳಲ್ಲಿ ಡಬ್ಲ್ಯೂ. ಹರ್ಮಾನೋಸ್ ಎಂಬ ಲೇಖಕನ ಹೆಸರು ಮತ್ತೆ ಮತ್ತೆ ಬರುತ್ತದೆ. ಅಂಥ ಮನುಷ್ಯನೇ ಇರಲಿಲ್ಲ. ಹರ್ಮಾನೋಸ್ ಎಂದರೆ ಸ್ಪ್ಯಾನಿಷಿನಲ್ಲಿ ಸೋದರರು. ವಾರ್ನರ್ ಬ್ರದರ್ಸ್ ಹೆಸರನ್ನೇ ತಿರುಗಿಸಿ ಇಟ್ಟದ್ದು. ಒಂದು ಧಾರಾವಾಹಿಗೆ ಬರೆದ ಹಳೆಯ ಸ್ಕ್ರಿಪ್ಟನ್ನು ಎತ್ತಿಕೊಂಡು, ಪಾತ್ರಗಳ ಹೆಸರು ಬದಲಿಸಿ, ಕುದುರೆಯ ಜಾಗದಲ್ಲಿ ಕಾರು, ಮರಳುಗಾಡಿನ ಊರಿನ ಜಾಗದಲ್ಲಿ ಲಾಸ್ ಏಂಜಲೀಸಿನ ಬೀದಿ ತಂದು, ಪತ್ತೇದಾರಿ ಕಂತು ಮಾಡಿಬಿಡುತ್ತಿದ್ದರು. ಅದರ ಮೇಲೆ ಈ ಹೆಸರಿನ ಮುದ್ರೆ. ಪ್ರತಿ ವಾರ ದೇಶವೆಲ್ಲ ನೋಡುವ ಪರದೆಯ ಮೇಲೆಯೇ ಕೆಲಸ ನಿಂತಿಲ್ಲ ಎಂಬುದಕ್ಕೆ ಗುರುತು ಬಿದ್ದಿತ್ತು.

ತೀರ್ಪು ಗಾರ್ನರ್ ಪರ. ಸ್ಟುಡಿಯೊ ಮೇಲ್ಮನವಿ ಹೋಯಿತು. 1961ರಲ್ಲಿ ಕ್ಯಾಲಿಫೋರ್ನಿಯಾ ಮೇಲ್ಮನವಿ ನ್ಯಾಯಾಲಯವೂ ಕೆಳಗಿನ ತೀರ್ಪನ್ನೇ ಎತ್ತಿಹಿಡಿಯಿತು. ಕಾನೂನು ವರದಿಗಳಲ್ಲಿ ಈ ಪ್ರಕರಣ 'ವಾರ್ನರ್ ಬ್ರದರ್ಸ್ ಪಿಕ್ಚರ್ಸ್ ವಿರುದ್ಧ ಬಮ್‌ಗಾರ್ನರ್' ಎಂದು ನಟನ ಹುಟ್ಟುಹೆಸರಿನಲ್ಲೇ ಇದೆ. ಫೋರ್ಸ್ ಮೆಜರ್ ಕಾರಣ ಹೇಳಿ ಹಣ ನಿಲ್ಲಿಸುವ ಪ್ರಶ್ನೆ ಎದ್ದಾಗ ಮನರಂಜನಾ ವಕೀಲರು ಇದನ್ನು ಇಂದಿಗೂ ತೆಗೆದು ನೋಡುತ್ತಾರೆ. ಷರತ್ತು ಮಾತ್ರ ಸತ್ತಿಲ್ಲ. 2007–08ರ ಬರಹಗಾರರ ಮುಷ್ಕರದಲ್ಲಿ ಸ್ಟುಡಿಯೊಗಳು ಇದೇ ಬಗೆಯ ಷರತ್ತು ಬಳಸಿ ಹಲವು ಬರಹಗಾರ-ನಿರ್ಮಾಪಕರ ದೀರ್ಘಾವಧಿ ಒಪ್ಪಂದಗಳನ್ನು ರದ್ದು ಮಾಡಿದವು.

'ಮ್ಯಾವರಿಕ್' ಗಾರ್ನರ್ ಇಲ್ಲದೆ ಮುಂದುವರಿಯಿತು. ಸೋದರಸಂಬಂಧಿ ಬೋ ಪಾತ್ರಕ್ಕೆ ರಾಜರ್ ಮೂರ್ ಬಂದರು, ಇನ್ನೊಬ್ಬ ಸೋದರನಾಗಿ ರಾಬರ್ಟ್ ಕೋಲ್ಬರ್ಟ್. 1962ರಲ್ಲಿ ಧಾರಾವಾಹಿ ನಿಂತಿತು.

ನಡುವಿನ ವರ್ಷಗಳು

ಕೇಸು ಗೆದ್ದ ನಟನಿಗೆ ಕೆಲಸ ಕೊಡಲು ಮುಂದೆ ಬಂದವರು ನಿರ್ದೇಶಕ ವಿಲಿಯಂ ವೈಲರ್. ಅವರ 1961ರ 'ದಿ ಚಿಲ್ಡ್ರನ್ಸ್ ಅವರ್' ಚಿತ್ರದಿಂದ ಗಾರ್ನರ್ ಸಿನಿಮಾಕ್ಕೆ ಮರಳಿದರು. 1963ರ 'ದಿ ಗ್ರೇಟ್ ಎಸ್ಕೇಪ್' ಚಿತ್ರದಲ್ಲಿ ಯುದ್ಧಕೈದಿಗಳ ಶಿಬಿರದೊಳಗೆ ಬೇಕಾದ್ದನ್ನೆಲ್ಲ ಹೇಗೋ ಹೊಂದಿಸಿ ತರುವ ಹೆಂಡ್ಲಿಯ ಪಾತ್ರ. 1964ರ 'ದಿ ಅಮೆರಿಕನೈಸೇಷನ್ ಆಫ್ ಎಮಿಲಿ' ತಮ್ಮ ಚಿತ್ರಗಳಲ್ಲೆಲ್ಲ ತಮಗೆ ಅಚ್ಚುಮೆಚ್ಚು ಎಂದು ಅವರು ಹೇಳಿಕೊಳ್ಳುತ್ತಿದ್ದರು. 1966ರ 'ಗ್ರಾಂ ಪ್ರಿ'ಗಾಗಿ ರೇಸ್ ಚಾಲಕ ಬಾಬ್ ಬಾಂಡುರಾಂಟ್ ಅವರಿಂದ ತರಬೇತಿ ಪಡೆದು ರೇಸ್ ಕಾರನ್ನು ತಾವೇ ಓಡಿಸಿದರು. ಆ ಚಾಲನೆ ಮುಂದಿನ ಧಾರಾವಾಹಿಗೆ ದೊಡ್ಡ ಆಸ್ತಿಯಾಯಿತು, ಮೈಗೆ ಭಾರವೂ ಆಯಿತು.

ನಮ್ಮ ಪ್ರಕರಣದ ಮಟ್ಟಿಗೆ ಈ ವರ್ಷಗಳ ಮುಖ್ಯ ಬೆಳವಣಿಗೆ ಚೆರೋಕಿ ಪ್ರೊಡಕ್ಷನ್ಸ್ ಎಂಬ ಸ್ವಂತ ಕಂಪನಿ. ತಾಯಿಯ ಕಡೆಯ ಚೆರೋಕಿ ಮೂಲದಿಂದ ಬಂದ ಹೆಸರದು. ಸಂಬಳದ ನಟನಾಗಿದ್ದವರು ಈಗ ಲಾಭದ ಪಾಲುದಾರರಾಗಿ ಮೇಜಿಗೆ ಬಂದರು. ಮೇಲ್ನೋಟಕ್ಕೆ ಇದು ಎಷ್ಟೋ ಗಟ್ಟಿ ಸ್ಥಾನ. ಆದರೆ ವಾರದ ಸಂಬಳ ಬಂತೋ ಇಲ್ಲವೋ ಎಂಬುದು ಆ ಶುಕ್ರವಾರವೇ ಗೊತ್ತಾಗುತ್ತದೆ, ಲಾಭದ ಪಾಲು ಬಂತೋ ಇಲ್ಲವೋ ತಿಳಿಯಲು ಸ್ಟುಡಿಯೊದ ಖಾತೆ ಪುಸ್ತಕ ಓದಬೇಕು.

ರಾಕ್‌ಫರ್ಡ್

ಯೂನಿವರ್ಸಲ್ ಜೊತೆ ಚೆರೋಕಿ ಸೇರಿ ಮಾಡಿದ ಧಾರಾವಾಹಿ 'ದಿ ರಾಕ್‌ಫರ್ಡ್ ಫೈಲ್ಸ್' ಎನ್‌ಬಿಸಿ ವಾಹಿನಿಯಲ್ಲಿ 1974ರಿಂದ 1980ರ ಜನವರಿವರೆಗೆ ನಡೆಯಿತು. ರೂಪಿಸಿದವರು ಮತ್ತೆ ರಾಯ್ ಹಗ್ಗಿನ್ಸ್, ಜೊತೆಗೆ ಸ್ಟೀಫನ್ ಜೆ. ಕ್ಯಾನಲ್. ಮಾಲಿಬುವಿನ ಕಡಲತೀರದಲ್ಲಿ ಹಳೆಯ ಟ್ರೇಲರ್ ಮನೆಯಲ್ಲಿ ವಾಸ, ದಿನಕ್ಕೆ 200 ಡಾಲರ್ ಮತ್ತು ಖರ್ಚು ಎಂದು ದರ ಹೇಳುವ ಖಾಸಗಿ ಪತ್ತೇದಾರ ಜಿಮ್ ರಾಕ್‌ಫರ್ಡ್. ಹೊಡೆದಾಟ ತಪ್ಪಿಸಿಕೊಳ್ಳಲು ನೋಡುತ್ತಾನೆ, ತಪ್ಪಿಸಿಕೊಳ್ಳಲಾಗದೆ ಪೆಟ್ಟು ತಿನ್ನುತ್ತಾನೆ, ಆಮೇಲೆ ಕೈ ನೋಯುತ್ತದೆ ಎಂದು ಮುಖ ಹಿಂಡುತ್ತಾನೆ. 1977ರಲ್ಲಿ ಈ ಪಾತ್ರಕ್ಕೆ ಗಾರ್ನರ್‌ಗೆ ಎಮ್ಮಿ ಬಂತು. ಟಿವಿಯಲ್ಲಿ ಸಹಜ ಅಭಿನಯ ಎಂದರೇನು ಎಂದು ಯಾರಾದರೂ ಕೇಳಿದರೆ ಈ ಧಾರಾವಾಹಿಯ ಯಾವ ಕಂತನ್ನಾದರೂ ತೋರಿಸಬಹುದು.

ಅವರ ಹೊನ್ನಬಣ್ಣದ ಪಾಂಟಿಯಾಕ್ ಫೈರ್‌ಬರ್ಡ್ ಕಾರು ತಿರುಗುವ ಪರಿಯನ್ನು ಅಮೆರಿಕದಲ್ಲಿ 'ರಾಕ್‌ಫರ್ಡ್ ತಿರುವು' ಎಂದೇ ಕರೆಯುತ್ತಾರೆ. ಕಾರನ್ನು ರಿವರ್ಸ್ ಗೇರಿನಲ್ಲಿ ನೇರವಾಗಿ ಗಂಟೆಗೆ ಸುಮಾರು 35 ಮೈಲಿ, ಅಂದರೆ 55 ಕಿ.ಮೀ. ವೇಗಕ್ಕೆ ತರಬೇಕು. ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಸ್ಟೀರಿಂಗನ್ನು ಒಮ್ಮೆಲೇ ಎಡಕ್ಕೆ ಪೂರ್ತಿ ತಿರುಗಿಸಿ ತುರ್ತು ಬ್ರೇಕ್ ಎಳೆಯಬೇಕು. ಗಾಲಿಗಳು ಕಚ್ಚಿಕೊಂಡು ಕಾರಿನ ಮುಂಭಾಗ ಅರ್ಧ ಸುತ್ತು ಬೀಸಿ ಬರುತ್ತದೆ. ಆಗ ಬ್ರೇಕ್ ಬಿಟ್ಟು, ಮುಂದಿನ ಗೇರಿಗೆ ಹಾಕಿ, ಕಾಲು ಒತ್ತಿದರೆ ಕಾರು ರಿವರ್ಸಿನಲ್ಲಿ ಸಾಗುತ್ತಿದ್ದ ದಿಕ್ಕಿನಲ್ಲೇ ಮುಂದಕ್ಕೆ ಓಡುತ್ತದೆ. ಮುಚ್ಚಿದ ರಸ್ತೆಯಲ್ಲಿ, ತರಬೇತಿ ಪಡೆದವರ ಕೆಲಸ ಇದು. ಗಾರ್ನರ್ ಇಂಥದ್ದನ್ನೂ ಹೊಡೆದಾಟಗಳನ್ನೂ ಬಹುಪಾಲು ತಾವೇ ಮಾಡಿದರು, ಮತ್ತು ಕಥೆಯ ಹೆಚ್ಚುಕಡಿಮೆ ಪ್ರತಿ ದೃಶ್ಯದಲ್ಲೂ ಅವರು ಇರಲೇಬೇಕಿತ್ತು. ಇಲ್ಲಿ ಬಾರ್ಟ್‌ನಂಥ ಸೋದರ ಇರಲಿಲ್ಲ, ಎರಡನೇ ತಂಡದ ಬಿಡುವೂ ಇರಲಿಲ್ಲ.

ಸೀಸನ್ನಿಗೆ 22 ಕಂತು, ಐದು ಸೀಸನ್. ಮಂಡಿಗಳು ಸೋತವು, ಬೆನ್ನು ಹಿಡಿಯಿತು, ಹೊಟ್ಟೆಯಲ್ಲಿ ಹುಣ್ಣು. 1979ರ ಕೊನೆಗೆ ವೈದ್ಯರು ಕೆಲಸ ನಿಲ್ಲಿಸಲೇಬೇಕು ಎಂದರು. ಆರನೇ ಸೀಸನ್ 12 ಕಂತುಗಳಿಗೇ ನಿಂತಿತು. ಹೊರಾಂಗಣ ಚಿತ್ರೀಕರಣದಿಂದ ಖರ್ಚು ಹೆಚ್ಚಿ ಧಾರಾವಾಹಿ ಲಕ್ಷಾಂತರ ಡಾಲರ್ ನಷ್ಟದಲ್ಲಿದೆ ಎಂಬುದು ಸ್ಟುಡಿಯೊದ ಮಾತಾಗಿತ್ತು. ಅಷ್ಟರಲ್ಲಿ ಕೈಯಲ್ಲಿ 120ಕ್ಕೂ ಹೆಚ್ಚು ಕಂತುಗಳಿದ್ದವು. ಸ್ಥಳೀಯ ವಾಹಿನಿಗಳಿಗೆ ದಿನವಹಿ ಮರುಪ್ರಸಾರಕ್ಕೆ ಮಾರಲು ಸುಮಾರು 100 ಕಂತು ಇದ್ದರೆ ಒಳ್ಳೆಯ ಬೆಲೆ ಎಂಬುದು ಅಂದಿನ ವ್ಯಾಪಾರದ ಅಂದಾಜು. ಧಾರಾವಾಹಿ ಮರುಪ್ರಸಾರದಲ್ಲಿ ವರ್ಷಗಟ್ಟಲೆ ಓಡಿತು.

ನಿವ್ವಳ ಲಾಭ ಹೇಗೆ ಕರಗುತ್ತದೆ

ಸ್ಟುಡಿಯೊ ಒಪ್ಪಂದದ ನಿವ್ವಳ ಲಾಭ ಅಂಗಡಿಯವನ ಲಾಭವಲ್ಲ. ಅದು ಒಪ್ಪಂದದ ಹಿಂಬದಿಯ ಹತ್ತಾರು ಪುಟಗಳಲ್ಲಿ ಕಟ್ಟಿದ ಒಂದು ಸೂತ್ರ. ಅದರ ಮುಖ್ಯ ಭಾಗಗಳು ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ವಿತರಣಾ ಕಮಿಷನ್: ವಾಹಿನಿ ಕೊಡುವ ಹಣದ ಮೇಲೆ ಶೇಕಡಾ 10ರ ಆಸುಪಾಸು, ದೇಶದೊಳಗಿನ ಮರುಪ್ರಸಾರದ ಮೇಲೆ 30ರಿಂದ 40, ವಿದೇಶಿ ಮಾರಾಟಕ್ಕೆ ಅದಕ್ಕೂ ಹೆಚ್ಚು. ಇದು ಆಫೀಸಿನ ನಿಜವಾದ ಖರ್ಚಲ್ಲ, ಸ್ಟುಡಿಯೊ ತನಗೆ ತಾನೇ ಕೊಟ್ಟುಕೊಳ್ಳುವ ಕಮಿಷನ್. ಆಮೇಲೆ ಓವರ್‌ಹೆಡ್, ಅಂದರೆ ಸ್ಟುಡಿಯೊ ನಡೆಸುವ ಸಾಮಾನ್ಯ ಖರ್ಚಿನ ಹೆಸರಿನಲ್ಲಿ ಹಾಕುವ ಮೊತ್ತ: ನಿರ್ಮಾಣ ವೆಚ್ಚದ ಮೇಲೆ 10ರಿಂದ 15 ಶೇಕಡಾ. ಇವೆಲ್ಲ ಸೇರಿದ ಬಾಕಿಯ ಮೇಲೆ ಬಡ್ಡಿ. ಬಂದ ಹಣದಿಂದ ಮೊದಲು ಕಮಿಷನ್ ತೆಗೆದು, ಆಮೇಲೆ ಖರ್ಚು, ಬಡ್ಡಿ, ಕೊನೆಗೆ ಅಸಲು ತೀರಿಸುವುದು ಕ್ರಮ. ಹೀಗಾಗಿ ಬಾಕಿ ಬೇಗ ಕರಗುವುದೇ ಇಲ್ಲ.

ಒಂದು ಕಾಲ್ಪನಿಕ ಲೆಕ್ಕ ಹಾಕಿ ನೋಡೋಣ. ಅಂಕಿಗಳು ರಾಕ್‌ಫರ್ಡ್‌ನವಲ್ಲ, ಸೂತ್ರ ಕಾಣಲೆಂದು ಸುಲಭ ಅಂಕಿ ಹಿಡಿದದ್ದು. ಕಂತಿಗೆ ಖರ್ಚು 6 ಲಕ್ಷ ಡಾಲರ್, ವಾಹಿನಿ ಕೊಡುವುದು 5 ಲಕ್ಷ, ಒಂದು ಸೀಸನ್ 22 ಕಂತು. ಖರ್ಚು 132 ಲಕ್ಷ, ಬಂದದ್ದು 110 ಲಕ್ಷ. ನಗದಿನಲ್ಲಿ ಕೊರತೆ 22 ಲಕ್ಷ ಅಷ್ಟೇ. ಪುಸ್ತಕದಲ್ಲಿ ಹಾಗಲ್ಲ. 110 ಲಕ್ಷದಲ್ಲಿ ಶೇಕಡಾ 10 ಕಮಿಷನ್ 11 ಲಕ್ಷ ಹೋಗಿ ಉಳಿದದ್ದು 99. ಖರ್ಚಿಗೆ ಶೇಕಡಾ 15 ಓವರ್‌ಹೆಡ್ 19.8 ಲಕ್ಷ ಸೇರಿ 151.8. ಕೊರತೆ ಈಗ 52.8 ಲಕ್ಷ. ಒಂದು ವರ್ಷಕ್ಕೆ ಶೇಕಡಾ 10 ಬಡ್ಡಿ ಸೇರಿಸಿ, 58.08 ಲಕ್ಷ.

ಮರುಪ್ರಸಾರದಿಂದ 100 ಲಕ್ಷ ಬಂತು ಎನ್ನಿ. ಕಮಿಷನ್ ಶೇಕಡಾ 35 ಅಂದರೆ 35 ಲಕ್ಷ, ಪ್ರಿಂಟು ಮತ್ತು ನಟರ ಮರುಪ್ರಸಾರ ಸಂಭಾವನೆ ಇತ್ಯಾದಿ 10 ಲಕ್ಷ. ಉಳಿದದ್ದು 55 ಲಕ್ಷ. 58.08ಕ್ಕೆ ಸಾಲದು. ಪುಸ್ತಕದ ಪ್ರಕಾರ ಧಾರಾವಾಹಿ ಇನ್ನೂ 3.08 ಲಕ್ಷ ನಷ್ಟದಲ್ಲಿದೆ, ಪಾಲುದಾರ ನಟನಿಗೆ ಸೊನ್ನೆ. ನಗದು ಲೆಕ್ಕ ತೆಗೆಯಿರಿ: ಒಳಗೆ ಬಂದದ್ದು 210 ಲಕ್ಷ, ಹೊರಗೆ ಹೋದದ್ದು 142 ಲಕ್ಷ. ವಿತರಣೆಯ ಆಫೀಸು ನಡೆಸುವ ಖರ್ಚಿಗೆ ಮುಂಚೆ ಸ್ಟುಡಿಯೊ ಕೈಯಲ್ಲಿ 68 ಲಕ್ಷ ಹೆಚ್ಚಿದೆ. ಎರಡು ಲೆಕ್ಕವೂ ಕೂಡುತ್ತವೆ, ಎರಡರಲ್ಲೂ ತಪ್ಪು ಕೂಡಿಕೆ ಇಲ್ಲ. ಪಾಲುದಾರ ಸಹಿ ಹಾಕಿದ್ದು ಮೊದಲನೆಯದಕ್ಕೆ.

ಇದಲ್ಲದೆ ಸೂತ್ರದ ಹೊರಗೆ ಇನ್ನೊಂದು ಬಾಗಿಲಿದೆ. ಸ್ಟುಡಿಯೊ ಒಂದು ಜನಪ್ರಿಯ ಧಾರಾವಾಹಿಯನ್ನು ಓಡದ ಧಾರಾವಾಹಿಗಳ ಜೊತೆ ಕಟ್ಟಿ ಒಂದೇ ಬೆಲೆಗೆ ಮಾರಿದಾಗ, ಆ ಬೆಲೆಯಲ್ಲಿ ಯಾವುದಕ್ಕೆ ಎಷ್ಟು ಎಂದು ಹಂಚುವವರು ಸ್ಟುಡಿಯೊದವರೇ. ಪಾಲು ಕೊಡಬೇಕಾದ ಧಾರಾವಾಹಿಗೆ ಕಡಿಮೆ ಬರೆದು, ಪಾಲು ಕೊಡಬೇಕಿಲ್ಲದ್ದಕ್ಕೆ ಹೆಚ್ಚು ಬರೆದರೆ ಹೊರಗಿನವರಿಗೆ ತಿಳಿಯುವುದಿಲ್ಲ. ಕಮಿಷನ್, ಓವರ್‌ಹೆಡ್ ಒಪ್ಪಂದದಲ್ಲಿ ಬರೆದಿಟ್ಟವು, ಪ್ರಶ್ನಿಸುವುದು ಕಷ್ಟ. ಹಂಚಿಕೆ ಹಾಗಲ್ಲ, ಅದು ಒಂದು ನಡೆ. ಅದು ಪ್ರಾಮಾಣಿಕವೇ ಎಂದು ಕೇಳಬಹುದು.

1983ರ ದಾವೆ

10 ಕೋಟಿ ಡಾಲರಿಗೂ ಹೆಚ್ಚು ಆದಾಯ ತಂದ ಧಾರಾವಾಹಿಗೆ ಯೂನಿವರ್ಸಲ್ ತೋರಿಸಿದ ನಿವ್ವಳ ಲಾಭ 10 ಲಕ್ಷ ಡಾಲರಿಗೂ ಕಡಿಮೆ. 1983ರ ಜುಲೈನಲ್ಲಿ ಗಾರ್ನರ್ 1.65 ಕೋಟಿ ಡಾಲರ್ ಕೇಳಿ ದಾವೆ ಹೂಡಿದರು. ಆರೋಪಗಳನ್ನು ಹೇಗೆ ಜೋಡಿಸಿದ್ದರು ಎಂಬುದು ಗಮನಿಸತಕ್ಕದ್ದು: ಒಪ್ಪಂದದ ಉಲ್ಲಂಘನೆ, ಸದ್ಭಾವನೆಯಿಂದ ಹಾಗೂ ನ್ಯಾಯವಾಗಿ ನಡೆದುಕೊಳ್ಳದಿರುವುದು, ಮೋಸ. ಬರೀ ಮೊದಲನೆಯದಾಗಿದ್ದರೆ ಸ್ಟುಡಿಯೊ ಸೂತ್ರದ ಪುಟ ತೆರೆದು ತೋರಿಸಿ ಕೂಡುತ್ತಿತ್ತು. ಉಳಿದೆರಡು ಆರೋಪ ಪ್ರಶ್ನೆಯನ್ನು ವ್ಯಾಖ್ಯೆಯಿಂದ ನಡವಳಿಕೆಗೆ ಎಳೆದು ತಂದವು. 1960ರಲ್ಲಿ ಗೆಲುವು ಕೊಟ್ಟದ್ದೂ ಇದೇ ನೆಲ: ಬರೆದದ್ದು ಏನಾದರೂ ಇರಲಿ, ಮಾಡಿದ್ದೇನು?

ಆದರೆ ಮಾಡಿದ್ದೇನು ಎಂದು ತೋರಿಸಲು ಬೇಕಾದ ಕಾಗದವೆಲ್ಲ ಎದುರಾಳಿಯ ಕಪಾಟಿನಲ್ಲಿತ್ತು. ಸಾವಿರಾರು ಮಾರಾಟದ ಕರಾರು, ನೂರಾರು ಸ್ಥಳೀಯ ವಾಹಿನಿ. ಆಡಿಟರು, ವಕೀಲರ ಶುಲ್ಕ ವರ್ಷ ವರ್ಷ ಕಟ್ಟುತ್ತ ಹೋಗಬೇಕು. ದೊಡ್ಡ ಸ್ಟುಡಿಯೊಗೆ ಕಾಯುವುದು ಅಗ್ಗ, ವಾದಿಗೆ ದುಬಾರಿ. ಬಹುಪಾಲು ಪಾಲುದಾರರು ಇಲ್ಲೇ ಬಸವಳಿದು ಸಣ್ಣ ಮೊತ್ತಕ್ಕೆ ಒಪ್ಪಿಕೊಳ್ಳುತ್ತಾರೆ. ಗಾರ್ನರ್ ಆ ವರ್ಷಗಳಲ್ಲಿ ದುಡಿಯುತ್ತಲೇ ಇದ್ದರು. 'ಮರ್ಫೀಸ್ ರೊಮ್ಯಾನ್ಸ್' ಚಿತ್ರಕ್ಕೆ ಆಸ್ಕರ್ ನಾಮನಿರ್ದೇಶನ ಬಂದದ್ದು ಈ ನಡುವೆಯೇ. 1988ರಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆ ಆಯಿತು. ಆಗಲೂ ದಾವೆ ಬಿಡಲಿಲ್ಲ. 1989ರ ಮಾರ್ಚ್‌ನಲ್ಲಿ ಕೋರ್ಟಿನ ಹೊರಗೆ ರಾಜಿಯಾಯಿತು, ಮೊತ್ತ ಗುಟ್ಟಾಗಿಯೇ ಉಳಿಯಿತು. ತೀರ್ಪಿಲ್ಲದ್ದರಿಂದ ಇನ್ನೊಬ್ಬ ನಟ ಕೋರ್ಟಿನಲ್ಲಿ ಎತ್ತಿ ತೋರಿಸಲು ಏನೂ ಸಿಗಲಿಲ್ಲ. ಆ ದೃಷ್ಟಿಯಿಂದ 1961ರದ್ದೇ ದೊಡ್ಡ ಗೆಲುವು, 1989ರ ಚೆಕ್ಕು ಎಷ್ಟೇ ದೊಡ್ಡದಿದ್ದಿರಲಿ.

ವ್ಯಾಖ್ಯೆಯನ್ನೇ ನೇರವಾಗಿ ಎದುರಿಸಿದವರು ಅಂಕಣಕಾರ ಆರ್ಟ್ ಬುಕ್‌ವಾಲ್ಡ್. 'ಕಮಿಂಗ್ ಟು ಅಮೆರಿಕ' ಚಿತ್ರದ ವಿಷಯದಲ್ಲಿ ಪ್ಯಾರಾಮೌಂಟ್ ವಿರುದ್ಧ ಅವರು ಹೂಡಿದ ದಾವೆಯಲ್ಲಿ 1990ರಲ್ಲಿ ವಿಚಾರಣಾ ನ್ಯಾಯಾಲಯ ನಿವ್ವಳ ಲಾಭದ ಸೂತ್ರದ ಹಲವು ಭಾಗಗಳನ್ನು ನ್ಯಾಯಸಮ್ಮತವಲ್ಲ ಎಂದಿತು. ಅದೂ ಮೇಲ್ಮನವಿಯ ತೀರ್ಪು ಕಾಣದೆ ರಾಜಿಯಲ್ಲೇ ಮುಗಿಯಿತು. ಹೆಸರಿನ ಬಲವಿರುವ ನಟರು ಈಗ ನಿವ್ವಳದ ಬದಲು ಒಟ್ಟು ಆದಾಯದ ಪಾಲು ಕೇಳುತ್ತಾರೆ, ಇಲ್ಲವೇ ಕಂತಿಗೆ ಇಷ್ಟು ಎಂದು ನಿಗದಿ ಮೊತ್ತ ಬರೆಸುತ್ತಾರೆ. ನಿಗದಿ ಮೊತ್ತವೂ ತಾನಾಗಿಯೇ ಕಾಪಾಡುವುದಿಲ್ಲ. ಇದರ ಮೇಲೆ ಕಮಿಷನ್, ಓವರ್‌ಹೆಡ್ ಯಾವುದೂ ಕಡಿತವಿಲ್ಲ ಎಂಬ ಒಂದು ಸಾಲು ಅದರ ಪಕ್ಕದಲ್ಲೇ ಇರಬೇಕು. ಮಾರಾಟದ ಕರಾರುಗಳ ಪ್ರತಿ ನೋಡುವ ಹಕ್ಕು ಮತ್ತು ಆಡಿಟ್ ಮಾಡಿಸುವ ಕಾಲಮಿತಿಯನ್ನೂ ಸಹಿಗೆ ಮುಂಚೆಯೇ ಬರೆಸಿಕೊಳ್ಳಬೇಕು.

ಆ ಸಾಲಿನ ಬೆಲೆ ಗಾರ್ನರ್ ಅವರ ಬದುಕಿನಲ್ಲೇ ಕಾಣಿಸಿತು. ರಾಜಿಯಾದ ಐದು ವರ್ಷಕ್ಕೆ, 1994ರಲ್ಲಿ, ಅವರು ಸಿಬಿಎಸ್ ವಾಹಿನಿಗಾಗಿ ರಾಕ್‌ಫರ್ಡ್ ಟಿವಿ ಚಿತ್ರಗಳನ್ನು ಯೂನಿವರ್ಸಲ್ ಜೊತೆಗೇ ಮಾಡತೊಡಗಿದರು. 1999ರವರೆಗೆ ಎಂಟು ಚಿತ್ರ ಬಂದವು. ಅದರ ನಡುವೆ 1998ರಲ್ಲಿ ಅದೇ ಸ್ಟುಡಿಯೊ ವಿರುದ್ಧ ಮತ್ತೆ ದಾವೆ, ಈ ಸಲ 22 ಲಕ್ಷ ಡಾಲರಿಗೆ. ಮರುಪ್ರಸಾರವಾದ ಕಂತಿಗೆ 25,000 ಡಾಲರ್ ಬರಬೇಕಿತ್ತು, ಅದರಲ್ಲಿ ಸ್ಟುಡಿಯೊ ವಿತರಣಾ ಕಮಿಷನ್ ಮುರಿದುಕೊಂಡಿತು ಎಂಬುದು ಅವರ ದೂರಾಗಿತ್ತು.